ಒಂದು ಪ್ಯಾಕೇಜ್ ತೆಗೆಯಲು ಹೋದಾಗ

2009ರಲ್ಲಿ ನಾನು ನಂಜನಗೂಡಿನ ಒಂದು ತೌಡೆಣ್ಣೆ ಕಾರ್ಖಾನೆಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾರು ಏನೇ ಹೇಳಿದರೂ ಪುರಾವೆ ಕೇಳದೆ ಬಿಡುತ್ತಿರಲಿಲ್ಲ. ವಾದ ಮಾಡಿಯೇ ಲಾರಿ ತೂಗುವ ವೇಬ್ರಿಡ್ಜ್, ಸ್ಟೋರ್ಸ್, ಹಾಜರಿಯ ಮೂರು ಹಳೆಯ ಕಂಪ್ಯೂಟರ್‌ಗಳ ಕೆಲಸವನ್ನು ಒಂದೇ ಸರ್ವರ್‌ಗೆ ತಂದಿದ್ದೆ. ಇದು ವರ್ಚುವಲೈಸೇಶನ್. ನಿಜವಾದ ಯಂತ್ರ ಒಂದೇ, ಅದು ಹೋಸ್ಟ್. ಅದರೊಳಗೆ ಮೂರು ಯಂತ್ರಗಳು ಸಾಫ್ಟ್‌ವೇರ್ ರೂಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತವೆ.

ಮ್ಯಾನೇಜರ್ ಅರೆಮನಸ್ಸಿನಿಂದ ಒಪ್ಪಿದ್ದರು. “ಒಂದು ಸಲ ಗೇಟಲ್ಲಿ ಲಾರಿ ನಿಂತ್ರೂ ಹಳೇವೇ ವಾಪಸ್.” ಅವರ ಭಯ ಸುಳ್ಳಲ್ಲ. ಬನ್ನೂರು, ತಿ. ನರಸೀಪುರದ ಮಿಲ್‌ಗಳಿಂದ ಬರುವ ತೌಡು ಕಾದಷ್ಟೂ ಕೆಡುತ್ತದೆ.

ಮೊದಲ ಅಪ್‌ಡೇಟ್‌ಗೆ ಒಂದು ಭಾನುವಾರ ಗೊತ್ತಾಯಿತು. ಮಧ್ಯಾಹ್ನ ಎರಡರವರೆಗೆ ಲಾರಿ ಇಲ್ಲ. ಹೋಸ್ಟ್‌ನ ಪ್ಯಾಕೇಜ್‌ಗಳನ್ನು, ಅಂದರೆ ಸಾಫ್ಟ್‌ವೇರ್ ಕಂತೆಗಳನ್ನು, ಹೊಸದು ಮಾಡಬೇಕು; ಬೇಡದವನ್ನು ತೆಗೆಯಬೇಕು. ಹೋಸ್ಟ್‌ನಲ್ಲಿ ಬೇಡದ ಪ್ಯಾಕೇಜ್ ಎಂದರೆ ಚಿಲಕವಿಲ್ಲದ ಬಾಗಿಲು ಎಂಬುದು ನನ್ನ ವಾದ.

ಆಗ ಬಂದರು ಮೂಗೂರಿನ ಮಾದೇವಸ್ವಾಮಿ, ಮೇಂಟೆನೆನ್ಸ್ ಫೋರ್‌ಮನ್. ಕೈಯಲ್ಲಿ ಪರ್ಮಿಟ್ ಕಾರ್ಡು. ಬಾಯ್ಲರ್ ವಾಲ್ವ್ ಬಿಚ್ಚುವ ಮುನ್ನ ಮಾಡುವ ಕೆಲಸವನ್ನು ಅದರಲ್ಲಿ ಬರೆದು ಒಬ್ಬ ಓದಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಅದು ಅಲ್ಲಿಯ ಪದ್ಧತಿ.

“ಸ್ವಾಮಣ್ಣ, ಇದು ಬಾಯ್ಲರ್ ಅಲ್ಲ.”

“ನಿಂತೋದ್ರೆ ಲಾರಿ ಕಾಯ್ತವೋ ಇಲ್ವೋ?”

“ಕಾಯ್ತವೆ.”

“ಅಂಗಾರೆ ಮಿಷನ್ನೇ ಕಣ್ರೀ. ಓದಿ.”

ಕಾರ್ಡಿನಲ್ಲಿ ‘ಮೊದಲು ಒಂದು ಪ್ಯಾಕೇಜ್ ತೆಗೆಯುವುದು’ ಎಂದು ಬರೆದು ಓದಿದೆ. ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ‘ಹೌದು’ ಎಂದು ಕಮಾಂಡಿನಲ್ಲೇ ಬರೆದುಬಿಡುವುದು ನನ್ನ ರೂಢಿ. ಅವತ್ತು ಅದನ್ನು ಅಳಿಸಿ, ಜಾಲದಲ್ಲಿ ಪ್ರಿಂಟರ್ ಹುಡುಕುವ ಒಂದು ಚಿಕ್ಕ ಪ್ಯಾಕೇಜ್ ತೆಗೆಯಲು ಹೊರಟೆ. ಪರದೆಯ ಮೇಲೆ ಪಟ್ಟಿ ಬಂತು. ಸ್ವಾಮಣ್ಣ ಬೆರಳಿಟ್ಟು ಎಣಿಸಿದರು.

“ಕಾರ್ಡ್ನಲ್ಲಿ ಒಂದು ಅಂತ ಬರ್ದಿದ್ದೀರಿ. ಇಲ್ಲಿ ಆರು ಓಯ್ತಾವೆ.”

“ಅವು ಇದನ್ನ ನೆಚ್ಕೊಂಡಿರೋವು. ಇದು ಹೋದ್ರೆ ಅವೂ ಹೋಗ್ತವೆ, ಸಹಜ.”

“ಯಾರ್ಯಾರು ಓಯ್ತಾರೆ, ಹೆಸ್ರು ಏಳಿ.”

ಓದಿದೆ, ಅವರು ತಿರುಗಿ ಹೇಳಿದರು. ನಾಲ್ಕನೆಯ ಸಾಲನ್ನು ನಾನು ಎರಡು ಸಲ ಓದಿದೆ.

“ಅದ್ಯಾರು ಸಾ?”

“ಮೂರೂ ಯಂತ್ರಗಳನ್ನ ಎಬ್ಬಿಸೋದು ಇದೇ.”

“ಅವ್ನನ್ನೇ ಮನೆಗೆ ಕಳ್ಸಿದ್ರೆ ಎಬ್ಬಿಸೋರ್ಯಾರು? ನೀವು ಕಿವೀಲಿ ಕೂಗ್ತೀರಾ?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ‘ಬೇಡ’ ಎಂದು ಒತ್ತಿ, ಆ ಚಿಕ್ಕ ಪ್ಯಾಕೇಜ್ ತೆಗೆಯದೆ ಅದರ ಕೆಲಸವನ್ನಷ್ಟೇ ನಿಲ್ಲಿಸಿದೆ. ನಿಜವಾಗಿ ಬೇಡದವನ್ನು ಒಂದೊಂದಾಗಿ ಓದಿ ತೆಗೆದು, ಉಳಿದವನ್ನು ಅಪ್‌ಡೇಟ್ ಮಾಡಿ, ಹೋಸ್ಟ್ ಅನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಮೂರೂ ಯಂತ್ರಗಳು ಎದ್ದವು. ಎರಡು ಗಂಟೆಗೆ ಬನ್ನೂರಿನ ಮೊದಲ ಲಾರಿ ತೂಕವಾಗಿ ಒಳಗೆ ಹೋಯಿತು.

ಸೋಮವಾರ ಮ್ಯಾನೇಜರ್, “ಹಳೇ ಕಂಪ್ಯೂಟರ್ ಇಟ್ಕೊಳ್ಳೋಣವಾ?” ಎಂದರು. ನಾನು ವಾದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸ್ವಾಮಣ್ಣನೇ ಹೇಳಿದರು: “ಯಾಕ್ ಸಾ, ಕಳ್ಸಿಬುಡಿ. ಇವ್ರು ಓದ್ತಾರೆ, ನಾ ಕೇಳಿಸ್ಕತೀನಿ.”

ಅಲ್ಲಿಯವರೆಗೆ ಬೇರೆಯವರ ಮಾತನ್ನು ಅನುಮಾನಿಸುವುದೇ ವಿವೇಕ ಎಂದುಕೊಂಡಿದ್ದೆ. ನಾನು ಒತ್ತುವ ‘ಹೌದು’ಗೂ ಪುರಾವೆ ಬೇಕು, ಅದನ್ನು ಇನ್ನೊಬ್ಬರೆದುರು ಗಟ್ಟಿಯಾಗಿ ಓದಬೇಕು ಎಂಬುದನ್ನು ಆ ಕೆಲಸ ಕಲಿಸಿತು. ನಾನು ಇಷ್ಟು ಸಂತೋಷದಿಂದ ಸೋತ ಚರ್ಚೆ ಇನ್ನೊಂದಿಲ್ಲ.