ತೌಡು ಯಾರದು

ಸೊಸೆಯ ಸಂಶೋಧನೆ ಸ್ವತಂತ್ರವಾದದ್ದು ಎಂದು ನಮ್ಮ ಮಾವನವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೊಳೆನರಸೀಪುರದ ಪೇಟೆಯಲ್ಲಿದ್ದ ಅಕ್ಕಿ ಮಿಲ್ಲು ಅವರದು, ನಾನು ಕೂತು ಬರೆಯುವ ಮೇಜು ಅವರದು, ಹಳ್ಳಿಗಳಿಗೆ ಹೋಗುವ ಗಾಡಿ ಅವರದು, ಗಾಡಿಯಲ್ಲಿ ನನ್ನ ಕಾವಲಿಗೆ ಕೂರುತ್ತಿದ್ದ ದೊಡ್ಡತ್ತೆ ಅವರ ಅಕ್ಕ. ಸ್ವತಂತ್ರವಾಗಿದ್ದದ್ದು ಎತ್ತುಗಳು ಮಾತ್ರ. ಅವು ಮನಸ್ಸು ಬಂದ ಕಡೆ ನಿಲ್ಲುತ್ತಿದ್ದವು.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಚನ್ನರಾಯಪಟ್ಟಣದ ಕಡೆಯವಳು. ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿದ ವರ್ಷವೇ ಮದುವೆಯಾಗಿ ಮಿಲ್ಲಿನವರ ಮನೆಗೆ ಸೊಸೆಯಾಗಿ ಬಂದೆ. ನನಗೆ ಪಾಠ ಹೇಳಿದ್ದ ಮೇಷ್ಟ್ರಿಗೆ ನನ್ನ ಮೇಲೆ ಅಭಿಮಾನ. ಮದುವೆಗೆ ಬಂದವರು ನೇರವಾಗಿ ಮಾವನವರಿಗೇ ಹೇಳಿದರು: ನಿಮ್ಮ ಸೊಸೆ ಊರಿನ ಒಂದು ವಿಷಯ ಹಿಡಿದು, ತಾನೇ ವಿಚಾರಿಸಿ, ಒಂದು ಒಳ್ಳೆಯ ಪ್ರಬಂಧ ಬರೆದು ತಂದರೆ ಮೈಸೂರಿನಲ್ಲಿ ಮುಂದೆ ಸಂಶೋಧನೆ ಮಾಡಲು ಜಾಗ ಕೊಡಿಸುತ್ತೇನೆ. ಮಾವನವರು ಹಿಗ್ಗಿಹೋದರು. ಬೀಗರ ಮುಂದೆ, ಹೊಸ ಸೊಸೆಯ ಮುಂದೆ, ಇಲ್ಲ ಎನ್ನುವ ಜಾಯಮಾನ ಅವರದಲ್ಲ.

"ಬರೀ ಮಗ, ಯಾರ್ ಬ್ಯಾಡ ಅಂದೋರು?" ಎಂದರು. "ಬರ್ದಿದ್ದ ಮೊದ್ಲು ನಂಗ್ ತೋರ್ಸು. ನಂಗೆ ಒಪ್ಗೆ ಆದ್ರೆ ನಾನೇ ಮೈಸೂರು ಬಸ್ಸು ಅತ್ತಿಸ್ಬುಟ್ಟು ಬತ್ತೀನಿ."

ಆ ಬಸ್ಸಿನ ಮೇಲೆ ನನ್ನ ಜೀವವಿತ್ತು. ಆ ಮನೆಯಲ್ಲಿ ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ. ಹಾಗಿರುವುದರಿಂದಲೇ ನನಗೆ ಉಸಿರುಗಟ್ಟುತ್ತದೆ ಎಂದು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಮುಂಬಾಗಿಲಿನಿಂದ ಹಿತ್ತಿಲವರೆಗೆ ನನ್ನ ಲೋಕ. ಒಂದು ಸಲ ಹಟ ಮಾಡಿ ಒಬ್ಬಳೇ ಹೊರಟೆ. ಹೇಮಾವತಿಯ ಸೇತುವೆ ಸೇರುವಷ್ಟರಲ್ಲಿ ಎದುರಾದವರೆಲ್ಲ, "ಮಿಲ್ಲಿನೋರ ಸೊಸೆ ಒಬ್ಳೇ ಎಲ್ಗೆ?" ಎಂದು ಕೇಳಿ ಆಯಿತು. ಕೊನೆಗೆ ಸೌದೆ ಅಂಗಡಿಯ ಮುದುಕರೊಬ್ಬರು ತಮ್ಮ ಕೆಲಸ ಬಿಟ್ಟು ನನ್ನನ್ನು ಮನೆಯವರೆಗೆ ಕರೆತಂದು ಒಪ್ಪಿಸಿದರು. ತಪ್ಪಿಸಿಕೊಂಡ ಕರುವನ್ನು ಹಿಡಿದು ತಂದವರಿಗೆ ಕೊಡುವಂತೆ ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟರು.

ವಿಷಯವನ್ನು ನಾನೇ ಆರಿಸಿದೆ: ಮಿಷನ್ನು ಬಂದ ಮೇಲೆ ಹಳ್ಳಿಯ ಹೆಂಗಸರ ಬದುಕು ಹೇಗೆ ಬದಲಾಯಿತು? ಉತ್ತರ ನನಗೆ ಮೊದಲೇ ಗೊತ್ತಿತ್ತು. ನಮ್ಮ ಚನ್ನರಾಯಪಟ್ಟಣದ ಕಡೆ ರಾಗಿಯದೇ ರಾಜ್ಯ. ಕೋಳಿ ಕೂಗುವ ಮೊದಲೇ ಎದ್ದು ನಮ್ಮವ್ವ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಅವಳ ಅಂಗೈ ಎಮ್ಮೆಯ ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಊರಿಗೆ ಹಿಟ್ಟಿನ ಮಿಷನ್ನು ಬಂದಾಗ ಅವ್ವ ಬೀಸುಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಕೈ ಮುಗಿದು, "ನೀನೂ ದಣಿದೆ, ನಾನೂ ದಣಿದೆ, ಓಗು" ಎಂದು ಹಿತ್ತಿಲಿಗೆ ಸಾಗಿಸಿದಳು. ಅದನ್ನು ಕಂಡವಳಿಗೆ ಯಂತ್ರದ ಮೇಲೆ ಸಂಶಯ ಬರುವುದಾದರೂ ಹೇಗೆ? ಹೊಳೆಸಾಲಿನ ಬತ್ತದ ಊರುಗಳಲ್ಲೂ ಒನಕೆ ಹಿಡಿದವರು ಹಾಗೇ ಕೈ ಮುಗಿದಿರುತ್ತಾರೆ ಎಂದುಕೊಂಡೆ. ಮಾವನವರಿಗೂ ವಿಷಯ ಬಹಳ ಹಿಡಿಸಿತು. ಹಿಡಿಸದೆ ಏನು!

ಹಳ್ಳಿಗಳಲ್ಲಿ ನನ್ನ ವಿಚಾರಣೆ ನಡೆಯುತ್ತಿದ್ದ ಚಂದ ಹೀಗೆ. "ಮಿಲ್ಲು ಬಂದ ಮೇಲೆ ನಿಮಗೆ ಹೇಗಿದೆ?" ಎಂದು ನಾನು ಕೇಳುವುದು. ಆ ಹೆಂಗಸು ಬಾಯಿ ತೆರೆಯುವ ಮೊದಲೇ ದೊಡ್ಡತ್ತೆ ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತಿ, "ಏನಾಗದೆ ಅವ್ಳಿಗೆ? ರಾಣಿ ಇದ್ದಂಗವಳೆ. ಬರ್ಕೊ" ಎನ್ನುವುದು. ಹೆಂಗಸು, "ಊಂ ಕಣವ್ವ, ಸುಕ್ವಾಗಿದೀನಿ" ಎನ್ನುವುದು. ನಾನು ಬರೆದುಕೊಳ್ಳುವುದು. ಬತ್ತ ಕುಟ್ಟುವಾಗ ಕೂಲಿ ಎಷ್ಟು ಬರುತ್ತಿತ್ತು ಎಂದರೆ ಎಲ್ಲರದೂ ಒಂದೇ ಉತ್ತರ: ಕೂಲಿ ಇರಲಿಲ್ಲ. ಕೂಲಿಯೇ ಇಲ್ಲದ ದುಡಿಮೆ ತಪ್ಪಿತು ಎಂದಮೇಲೆ ನಷ್ಟವೆಲ್ಲಿಂದ ಬಂತು? ಪ್ರಬಂಧ ತಾನೇ ತಾನಾಗಿ ಮುಗಿಯುತ್ತ ಬಂತು. ಮೈಸೂರಿನ ಬಸ್ಸು ಕಣ್ಣ ಮುಂದೆಯೇ ನಿಂತಿತ್ತು.

ಎಲ್ಲವನ್ನೂ ಕೆಡಿಸಿದವರು ದೊಡ್ಡತ್ತೆ. ಅರಕಲಗೂಡಿನ ರಸ್ತೆಯಲ್ಲಿ, ನಾಲೆಯ ಪಕ್ಕದ ಒಂದು ಹಳ್ಳಿಗೆ ಹೋಗಿದ್ದೆವು. ದೊಡ್ಡತ್ತೆಗೆ ಮಜ್ಜಿಗೆ ಇಲ್ಲದೆ ಊಟ ಇಳಿಯದು. ಅಲ್ಲಿ ಅವರಿಗೆ ಹಿಂದಿನಿಂದ ಪರಿಚಯವಿದ್ದ ಒಬ್ಬ ಹೆಂಗಸಿನ ಮನೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿ, "ಒಂದು ಚೊಂಬು ಮಜ್ಗೆ ತತ್ತಾರೆ" ಎಂದರು.

"ಮಜ್ಗೆ ಇಲ್ಲ ಕಣ್ ದೊಡ್ಡವ್ವ."

"ಇಲ್ವಾ? ಎಲ್ಲೆ ನಿನ್ನೆಮ್ಮೆ?"

"ಮಾರ್ಬುಟ್ಟೊ."

ದೊಡ್ಡತ್ತೆಗೆ ಸಿಟ್ಟು ಬಂತು. "ಅಂತಾ ಎಮ್ಮೆಯ ಮಾರ್ತಾರೇನೆ? ನಿಂಗೆ ಬುದ್ದಿ ಇಲ್ವಾ?"

ಆ ಹೆಂಗಸಿಗೂ ರೇಗಿತು. "ಏನ್ ಆಕಿ ಸಾಕನ ದೊಡ್ಡವ್ವ? ಗೌಡ್ರ ಮನೆ ಬತ್ತ ಕುಟ್ಟೋವಾಗ ಅಕ್ಕಿ ಅಳ್ದು ಕೊಡೋದು, ತೌಡೂ ನುಚ್ಚೂ ನಮ್ಗೆ. ನುಚ್ಚು ಮಕ್ಳಿಗೆ, ತೌಡು ಎಮ್ಮೆಗೆ. ಈಗ ಬತ್ತನೂ ಮಿಲ್ಲಿಗೆ ಓಯ್ತದೆ, ತೌಡೂ ಅಲ್ಲೇ ಉಳ್ಕತದೆ." ಹೇಳುತ್ತಲೇ ನನ್ನ ಕಡೆ ನೋಡಿದಳು. ಯಾರ ಮುಂದೆ ಮಾತಾಡುತ್ತಿದ್ದೇನೆಂದು ನೆನಪಾಗಿ ಮುಖ ಬಿಳಿಚಿಕೊಂಡಿತು. "ಮಿಲ್ಲಿನೋರ್ದೇನ್ ತಪ್ಪಿಲ್ಲ ಬುಡಿ ಅವ್ವ. ನಮ್ಮ ಅಣೇಬರ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾನು ಕೈಯಲ್ಲಿದ್ದ ಅನ್ನವನ್ನು ಹಾಗೇ ಇಟ್ಟೆ. ಇಷ್ಟು ದಿನ ಯಾರೂ ಸುಳ್ಳು ಹೇಳಿರಲಿಲ್ಲ. ತೌಡನ್ನು ಅಲ್ಲಿ ಯಾರೂ ಕೂಲಿ ಎಂದು ಎಣಿಸಿರಲಿಲ್ಲ, ಅಷ್ಟೆ. ಕುಟ್ಟಿದವಳದು ತೌಡು ಎನ್ನುವುದು, ಹೆತ್ತವಳದು ಕೂಸು ಎನ್ನುವಷ್ಟೇ ಸಹಜವಾದ ರೂಢಿ. ರಾಗಿ ಸೀಮೆಯಲ್ಲಿ ಅವರವರ ಮನೆಯ ಹಿಟ್ಟನ್ನು ಅವರವರೇ ಬೀಸಿಕೊಳ್ಳುತ್ತಿದ್ದರು, ಮಿಷನ್ನು ಬಂದು ಹೊರೆ ಇಳಿಸಿತು. ಇಲ್ಲಿ ಕುಟ್ಟುತ್ತಿದ್ದದ್ದು ಇನ್ನೊಬ್ಬರ ಮನೆಯ ಬತ್ತ. ಇಲ್ಲಿಗೆ ಬಂದ ಮಿಷನ್ನು ಹೊರೆಯ ಜೊತೆಗೆ ಎಮ್ಮೆಯನ್ನೂ ಒಯ್ದಿತ್ತು. ನಮ್ಮವ್ವನ ಬೀಸುಕಲ್ಲನ್ನು ತಲೆಯಲ್ಲಿ ಹೊತ್ತುಕೊಂಡು ಬಂದವಳಿಗೆ ಇದು ಕಾಣುವುದು ಸಾಧ್ಯವಿರಲಿಲ್ಲ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಹಿತ್ತಿಲಿನ ಒರಳಿನಲ್ಲಿ ಬತ್ತ ಹಾಕಿ ನಾನೇ ಒನಕೆ ಹಿಡಿದೆ. "ಮಿಲ್ ಮಡಿಕಂಡಿರೋರ ಸೊಸೆ ಬತ್ತ ಕುಟ್ಟದ ನೋಡ್ದೋರು ಏನಂದಾರು?" ಎಂದು ಅತ್ತೆ ಹಿತ್ತಿಲ ಬಾಗಿಲು ಹಾಕಿಸಿದರು. ನಮ್ಮ ಯಜಮಾನರು ನಕ್ಕರು: "ಸಂಶೋಧನೆ ಅಂದ್ರೆ ತೌಡು ಕುಟ್ಟೋದು ಅಂತ ನಂಗೆ ಮೊದಲೇ ಗುಮಾನಿ ಇತ್ತು." ಅವರು ಒಳ್ಳೆಯವರು, ಅಪ್ಪನ ಎದುರು ಮಾತ್ರ ಬಾಯಿ ಸತ್ತವರು. ಅವರನ್ನೇ ಕಾಡಿ ಬೇಡಿ ಮಿಲ್ಲಿನೊಳಗೆ ಹೋಗಿ ನೋಡಿದೆ. ಮಿಷನ್ನು ಹೊಟ್ಟನ್ನೂ ತೌಡನ್ನೂ ಒಟ್ಟಿಗೇ ಅರೆದು ಉಗುಳುತ್ತಿತ್ತು. ಒನಕೆಯ ತೌಡು ಕೈಗೆ ಹಿಟ್ಟಿನಂತೆ ನುಣುಪು, ಮಿಲ್ಲಿನ ತೌಡು ಚುಚ್ಚುತ್ತಿತ್ತು. ಅದೂ ಮೂಟೆಯಾಗಿ ಹಾಸನಕ್ಕೆ ಲಾರಿ ಹತ್ತುತ್ತಿತ್ತು. ಹಳ್ಳಿಯ ಎಮ್ಮೆಗಳ ಪಾಲಿಗೆ ಅದೂ ಇಲ್ಲ.

ಈಗ ಏನು ಬರೆಯುವುದು? ಅತ್ತ ದರಿ, ಇತ್ತ ಪುಲಿ. ಹೆಂಗಸರು ಸುಖವಾಗಿದ್ದಾರೆ ಎಂದು ಬರೆದರೆ ಮಾವನವರು ಬಸ್ಸು ಹತ್ತಿಸುತ್ತಾರೆ. ಕಂಡದ್ದನ್ನು ಬರೆದರೆ ಬಸ್ಸು ಇಲ್ಲ. ಸುಳ್ಳು ಬರೆದು ಮೈಸೂರಿಗೆ ಹೋಗಿ ಅಲ್ಲಿ ಸತ್ಯ ಹುಡುಕುವುದೇ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಸುಳ್ಳನ್ನೇ ಒಂದು ಸಲ ಅಚ್ಚುಕಟ್ಟಾಗಿ ಬರೆದು ನೋಡಿದೆ. ತುಂಬ ಚೆನ್ನಾಗಿ ಬಂದಿತ್ತು. ಅದನ್ನು ಒಲೆಗೆ ಹಾಕಿ, ಎಮ್ಮೆ ಹೋದ ಕಥೆಯನ್ನು ಬರೆದು, ಮಾವನವರ ಮುಂದೆ ಇಟ್ಟೆ.

ಅವರು ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ ಓದಿದರು. ನಡುವೆ ಬಂದವರನ್ನು ಕೈ ಮಾಡಿ ಕಳಿಸಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಓದಿ ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ದಿಟ ಬರ್ದಿದೀಯ ಮಗ," ಎಂದರು. "ನಮ್ಮವ್ವನೂ ಕಂಡೋರ ಬತ್ತ ಕುಟ್ಟಿ ನಮ್ಮ ಸಾಕುದ್ಲು. ಆ ನುಚ್ಚು ತಿಂದೇ ಈ ಮೈ ಬೆಳೆದಿರಾದು. ನಂಗೆ ಮರ್ತೇ ಓಗಿತ್ತು."

ನಾನು ಅತ್ತುಬಿಟ್ಟೆ. ಗೆದ್ದೆ ಅಂದುಕೊಂಡೆ. ಮೈಸೂರಿನಲ್ಲಿ ಉಟ್ಟುಕೊಳ್ಳಬೇಕಾದ ಸೀರೆಗಳನ್ನು ಆ ಸಂಜೆಯೇ ಬೇರೆ ಮಡಿಸಿಟ್ಟೆ.

ಮುಂದಿನ ಸೋಮವಾರ ಮಿಲ್ಲಿನ ಬಾಗಿಲಲ್ಲಿ ತೌಡಿನ ಮೂಟೆಗಳನ್ನು ಇಳಿಸಿದ್ದರು. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಾದ್ದರಿಂದ ಹಳ್ಳಿಯವರಿಗೆ ಬಿಡುವು. ಸುತ್ತಲ ಊರುಗಳಲ್ಲಿ ಹಿಂದೆ ಬತ್ತ ಕುಟ್ಟುತ್ತಿದ್ದ ಹೆಂಗಸರಿಗೆಲ್ಲ ಪ್ರತಿ ಸೋಮವಾರ ತಲಾ ಒಂದು ಮೊರ ತೌಡು ಧರ್ಮಕ್ಕೆ ಕೊಡುವುದೆಂದು ಮಾವನವರು ಟಾಂಟಾಂ ಹೊಡೆಸಿದ್ದರು. ಮೂಟೆಯ ಪಕ್ಕ ಒಂದು ಮಣೆ ಹಾಕಿತ್ತು.

"ಕೂತ್ಕೊ ಮಗ," ಎಂದರು. "ಇದು ನಿನ್ ಕೈಯಿಂದ್ಲೇ ಆಗ್ಬೇಕು. ಪುಣ್ಯ ನಿಂದು."

ನಾನು ಬರೆದದ್ದರಲ್ಲಿ ಧರ್ಮ ಎಂಬ ಪದವೇ ಇರಲಿಲ್ಲ. ಅದು ಅವರಿಗೆ ಸೇರಬೇಕಾದದ್ದು ಎಂದಷ್ಟೇ ಇತ್ತು. ಹಾಗೆಂದು ಆ ಸಂಜೆ ಹೇಳಿಯೂ ನೋಡಿದೆ. "ಅದ್ನೇ ತಾನೆ ಮಾಡ್ತಿರದು?" ಎಂದು ಮಾವನವರು ನಿಜವಾಗಿಯೂ ಆಶ್ಚರ್ಯಪಟ್ಟರು. ಮೈಸೂರಿನ ಮಾತೆತ್ತಿದೆ. "ಮೈಸೂರು ಎಲ್ಲೋಯ್ತದೆ? ಈ ಸುಗ್ಗಿ ಕಳೀಲಿ. ನೀನು ಅಲ್ಲಿಗೋದ್ರೆ ಇದ್ನ ನೋಡ್ಕಳೋರು ಯಾರು? ನಿನ್ ದೆಸೆಯಿಂದ ಸುರುವಾಗಿರದು, ನೀನಿಲ್ದೋದ್ರೆ ನಾನು ನಿಲ್ಲುಸ್ತೀನಿ ಅಷ್ಟೆಯ." ಬೆದರಿಕೆಯೆಂದು ಹೇಳಿದ್ದಲ್ಲ. ಲೆಕ್ಕ ಇದ್ದದ್ದೇ ಹಾಗೆ ಎನ್ನುವಂತೆ ಹೇಳಿದರು.

ಊರಿನಲ್ಲಿ ನನ್ನ ಹೆಸರು ದೊಡ್ಡದಾಯಿತು. ಹಾಸನದಿಂದ ಬಂದ ಅಧಿಕಾರಿಗಳೊಬ್ಬರು ಮಣೆಯ ಮೇಲೆ ಕೂತ ನನ್ನನ್ನು ನೋಡಿ, ಓದಿದ ಹೆಣ್ಣು ಅಂದರೆ ಹೀಗಿರಬೇಕು ಎಂದರು. ಸುಗ್ಗಿ ಕಳೆಯಿತು. ಇನ್ನೊಂದು ಬಂತು. ಜಾಗ ಇನ್ನೂ ಇದೆ, ಈ ವರ್ಷ ಬಾರದಿದ್ದರೆ ಇರುವುದಿಲ್ಲ ಎಂದು ಮೇಷ್ಟ್ರು ಹೇಳಿಕಳಿಸಿದರು. ಆ ಸಲ ನಾನು ಗಟ್ಟಿಮನಸ್ಸು ಮಾಡಿದೆ. ಯಜಮಾನರಿಗೂ ಹೇಳಿದೆ, ನೀವು ಬಂದರೆ ನಿಮ್ಮ ಜೊತೆ, ಬಾರದಿದ್ದರೆ ಒಬ್ಬಳೇ. ಅವರು ತಲೆ ತಗ್ಗಿಸಿಕೊಂಡು, "ನಾನು ಬಸ್‌ಸ್ಟ್ಯಾಂಡ್ ತನಕ ಬರ್ತೀನಿ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಧೈರ್ಯ.

ಹೊರಡುವ ವಾರದ ಸೋಮವಾರ, ಕೊನೆಯ ಸಲವೆಂದು ಮಣೆಯ ಮೇಲೆ ಕೂತೆ. ಸಾಲಿನಲ್ಲಿ ನಾಲೆಯ ಪಕ್ಕದ ಹಳ್ಳಿಯ ಆ ಹೆಂಗಸು ಬಂದಳು. ಮಜ್ಜಿಗೆಯ ದಿನ ದೊಡ್ಡತ್ತೆಗೆ ಎದುರು ಮಾತಾಡಿದವಳು ಈಗ ಸೆರಗೊಡ್ಡಿ, ಕಣ್ಣು ನೆಲದಲ್ಲಿಟ್ಟು ನಿಂತಳು. ಮೊರ ತುಂಬಿ ಸುರಿದೆ. ಅವಳು ಸರಿದು ಹೋಗಲಿಲ್ಲ.

"ಮೈಸೂರಿಗೆ ಓಯ್ತೀರಂತೆ," ಎಂದಳು.

"ಹೌದು."

"ಇದ ನೆಚ್ಕಂಡು ಒಂದು ಎಮ್ಮೆಗರ ತಂದಿವ್ನಿ ತಾಯಿ. ಈಗ ಮೇವು ತಿನ್ನಕ್ಕೆ ಸುರುಮಾಡದೆ." ಸೆರಗಿನ ತೌಡನ್ನು ಎದೆಗೊತ್ತಿಕೊಂಡು ಹೇಳಿದಳು. "ನೀವು ಅಲ್ಲಿಗೋದ್ರೆ ಇದು ನಿಂತೋಯ್ತದೆ ಅಂದ್ರು."

ಅವಳ ಹಿಂದಿನ ಸಾಲೂ ನನ್ನ ಬಾಯನ್ನೇ ನೋಡುತ್ತಿತ್ತು. ಇದು ನಿನಗೆ ಸೇರಿದ್ದು ಕಣವ್ವ, ಯಾರೂ ಧರ್ಮಕ್ಕೆ ಕೊಡಬೇಕಾದ್ದಲ್ಲ ಎನ್ನಬೇಕೆನಿಸಿತು. ಅಂದರೆ ಅವಳ ಕರುವಿನ ಹೊಟ್ಟೆ ತುಂಬುತ್ತಿತ್ತೇ? ಆ ಕ್ಷಣ ಅವಳ ಮೇಲೂ ನನಗೆ ಸಿಟ್ಟು ಬಂತು ಎನ್ನುವುದನ್ನು ಮುಚ್ಚಿಡುವುದಿಲ್ಲ.

"ಇಲ್ಲ," ಎಂದೆ. "ಹೋಗೋದಿಲ್ಲ."

ಅವಳು ಸೆರಗಿನ ಗಂಟು ಬಿಗಿದುಕೊಂಡು ಹೊರಟಳು. ಮುಂದಿನವಳು ಸೆರಗೊಡ್ಡಿದಳು.