ಹೊಳಪು ತೆಗೆದ ಕಲ್ಲು

ಹುಳ ಸಿಕ್ಕಿದೆ. ಇವತ್ತು ಬೆಳಗ್ಗೆ ಹಳ್ಳದ ನೀರಿನಲ್ಲಿ ನಿಂತುಕೊಂಡೇ ಮೊಮ್ಮಗಳು ಸುಚಿತ್ರಾ ಫೋನ್ ಮಾಡಿದಳು. "ತಾತ, ಯಾವ ಕಲ್ಲು ಮಗುಚಿದರೂ ಅಡಿಯಲ್ಲಿ ಮರಿಗಳಿವೆ." ನಾನು ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದೆ. ಇಸ್ತ್ರಿ ಅಂಗಡಿಯವನು, "ಏನ್ ತಾತ, ಮೊಮ್ಮಗಳಿಗೆ ಗಂಡು ಸಿಕ್ತಾ?" ಅಂದ. "ಹುಳ ಸಿಕ್ತು ಕಣಯ್ಯ," ಅಂದೆ. ನಕ್ಕ. ನಗಲಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಜೀವಮಾನವೆಲ್ಲ ಗ್ರಾನೈಟ್ ಪಾಲಿಶ್ ಮಾಡಿದವನು. ನಾಲ್ಕು ವರ್ಷದ ಹಿಂದೆ, ಬೆಂಗಳೂರಿನಿಂದ ಎರಡು ಗಂಟೆ ದಾರಿಯಲ್ಲಿ, ಗುಡ್ಡದ ಹಳ್ಳದ ಪಕ್ಕ ಒಂದು ರೆಸಾರ್ಟ್ ಎದ್ದಿತು. ನೀರಿನಂಚಿಗೇ ಕಪ್ಪು ಗ್ರಾನೈಟಿನ ದೊಡ್ಡ ಕಟ್ಟೆ. "ಮುಖ ಕಾಣಬೇಕು ಮೇಸ್ತ್ರಿ," ಅಂದರು ಓನರ್. ಕಾಣುವ ಹಾಗೆ ಮಾಡಿದೆ. ಕನ್ನಡಿ ಇಲ್ಲದೆ ಅದರಲ್ಲೇ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು.

ಸುಚಿತ್ರಾ ಬಸವನಗುಡಿಯಲ್ಲಿ ಕಾಲೇಜು ಮುಗಿಸಿ ಮೇಫ್ಲೈ ಎಂಬ ಹುಳದ ಮೇಲೆ ಸಂಶೋಧನೆಗೆ ಸೇರಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಇದರ ಮರಿ ಹರಿಯುವ ನೀರಿನಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುತ್ತದೆ. ಪ್ರವಾಹ ಕೊಚ್ಚಿಕೊಂಡು ಹೋಗದಿರಲಿ ಅಂತ ಮೈ ಚಪ್ಪಟೆ. ಹೊಟ್ಟೆಯ ಪಕ್ಕದಲ್ಲಿ ಉಸಿರಾಡುವ ಕಿವಿರು, ಹಿಂದೆ ಕೂದಲಿನಂಥ ಬಾಲ. ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ. ನೀರು ಕೆಟ್ಟರೆ, ಕಲ್ಲಿನ ಸಂದಿಗೆ ಹೂಳು ತುಂಬಿದರೆ ಮೊದಲು ಸಾಯುವುದು ಇದೇ. ಎಷ್ಟೋ ತಿಂಗಳು ನೀರಿನಲ್ಲಿದ್ದು ರೆಕ್ಕೆ ಬಂದು ಹಾರಿದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಆಗ ತಿನ್ನುವುದಕ್ಕೆ ಬಾಯಿಯೇ ಇರುವುದಿಲ್ಲ. ಮೊಟ್ಟೆ ಇಡುವುದೊಂದೇ ಕೆಲಸ.

ರೆಸಾರ್ಟ್ ಪಕ್ಕದ ಅದೇ ಹಳ್ಳದಲ್ಲಿ ಮರಿಗಳು ಕಮ್ಮಿಯಾಗುತ್ತಿವೆ ಅಂತ ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋದಳು. ಹುಳಗಳು ಹೊಗೆಯ ಹಾಗೆ ಎದ್ದವು. ಹಳ್ಳ ಪಕ್ಕದಲ್ಲೇ ಹರಿಯುತ್ತಿತ್ತು. ಅವು ಬಂದು ಇಳಿದಿದ್ದು ನನ್ನ ಕಟ್ಟೆಯ ಮೇಲೆ.

"ಕಪ್ಪು ಹೊಳಪು ಕಲ್ಲಿನಿಂದ ಬೆಳಕು ನೀರಿನ ಮೇಲಿಂದ ಬಂದ ಹಾಗೇ ಬರುತ್ತೆ ತಾತ. ಇದೇ ನೀರು ಅಂದ್ಕೊಂಡು ಮೊಟ್ಟೆ ಇಡ್ತವೆ."

ಮೊಟ್ಟೆಗಳೆಲ್ಲ ಅಲ್ಲೇ ಒಣಗಿದ್ದವು. ಬೆಳಗ್ಗೆ ಫಿನಾಯಿಲ್ ಹಾಕಿ ತೊಳೆಯುತ್ತಾರಂತೆ. ನನ್ನ ಕೈಕೆಲಸವನ್ನು ಅಷ್ಟು ನಂಬಿದವರು ಬೇರೆ ಯಾರೂ ಇರಲಿಲ್ಲ.

ಓನರ್ ಹತ್ತಿರ ಹೋದೆವು. ಪಾಲಿಶ್ ತೆಗೆದುಬಿಡಿ, ಕಲ್ಲನ್ನು ತರಿತರಿ ಮಾಡಿಸಿ ಅಂತ ಸುಚಿತ್ರಾ ಕೇಳಿಕೊಂಡಳು. "ಹುಳ ಬರಬಾರದು ಅಂತಲೇ ಅಲ್ವೇನಮ್ಮ ಗೆಸ್ಟ್‌ಗಳು ಕೇಳೋದು? ಸಾಯಲಿ ಬಿಡಿ," ಅಂದರು.

ಹೋದ ಮಳೆಗಾಲದಲ್ಲಿ ಒಬ್ಬ ಗೆಸ್ಟ್ ಆ ಕಟ್ಟೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮ್ಯಾನೇಜರ್ ಕೂಡಲೇ ಫೋನ್ ಮಾಡಿದ. "ಮೇಸ್ತ್ರಿ, ನಾಳೆಯೇ ಬನ್ನಿ, ಪಾಲಿಶ್ ತೆಗೀಬೇಕು." ಹುಳ ರಾಶಿರಾಶಿ ಸತ್ತಾಗ ಅಲುಗಾಡದ ಕಲ್ಲು ಒಂದು ಸೊಂಟಕ್ಕೆ ಅಲುಗಾಡಿತು. ಉಳಿ ಸುತ್ತಿಗೆ ಹಿಡಿದು ಕೂತು ನನ್ನ ಹೊಳಪನ್ನು ನಾನೇ ಒಡೆದೆ. ಒಂದೊಂದು ಪೆಟ್ಟಿಗೂ ಹಲ್ಲು ಜುಮ್ಮೆನ್ನುತ್ತಿತ್ತು. ಅದೇ ನನ್ನ ಕೊನೆಯ ಕೆಲಸ. ಹೊಳಪು ಕೊಡುವ ಮುಂಚೆ ಆ ಜಾಗದಲ್ಲಿ ಇನ್ನು ಯಾರು ಯಾರು ಬದುಕುತ್ತಿದ್ದಾರೆ ಅಂತ ನೋಡಬೇಕು ಅನ್ನುವುದನ್ನು ಕಸುಬು ನನಗೆ ಅಷ್ಟು ತಡವಾಗಿ ಕಲಿಸಿತು.

ಆ ಹಳ್ಳದಲ್ಲೇ ಇವತ್ತು ಮರಿಗಳು ಸಿಕ್ಕಿರುವುದು. ಸಂಜೆ ಸುಚಿತ್ರಾ ಕೆಸರು ಬಟ್ಟೆಯಲ್ಲೇ ಬಂದಳು. ಮಗ, ಸೊಸೆ, ಎಲ್ಲರೂ ಊಟಕ್ಕೆ ಕೂತೆವು. ನನ್ನ ಹೆಂಡತಿ ಮುದ್ದೆ ಬಡಿಸುತ್ತಿದ್ದಾಗ ಆ ಮ್ಯಾನೇಜರ್ ಫೋನು. ಹಳ್ಳದ ಆಚೆ ದಡದಲ್ಲಿ ಹೊಸ ಕಟ್ಟೆಯಂತೆ, ಕಪ್ಪು ಕಲ್ಲೇ ಅಂತೆ. ಒಳ್ಳೆ ಪಾಲಿಶ್‌ನವರು ಬೇಕು.

"ಆ ಕೆಲಸಕ್ಕೆ ನಮ್ಮವರು ಯಾರೂ ಬರಲ್ಲ," ಅಂದೆ.

"ಬೇರೆಯವರು ಸಿಗ್ತಾರೆ ಬಿಡಿ," ಅಂತ ಫೋನ್ ಇಟ್ಟ.

ವಿಷಯ ಹೇಳಿದೆ. ಸುಚಿತ್ರಾಳ ಕೈ ತಟ್ಟೆಯಲ್ಲೇ ನಿಂತಿತು.

"ರೆಕ್ಕೆ ಬಂದ ಮೇಲೆ ಅವಕ್ಕೆ ಬಾಯಿಲ್ಲ ಅಂತ ನೀನೇ ಹೇಳ್ತಿದ್ದೆ," ಅಂದಳು ಅವಳ ಅಜ್ಜಿ. "ನಿನಗಿದೆಯಲ್ಲ, ಉಣ್ಣು ಮೊದಲು. ನಾಳೆ ಆ ಓನರ್ ಹತ್ತಿರ ತಾತನ್ನೂ ಕರ್ಕೊಂಡು ಹೋಗು. ಬಾಗಿಲು ತೆಗೀಲಿಲ್ಲ ಅಂದ್ರೆ ನಾನೂ ಬರ್ತೀನಿ."

ಸೊಪ್ಪಿನ ಸಾರು ಬಂತು. ಸುಚಿತ್ರಾ ಮುದ್ದೆ ಮುರಿದಳು. ನಾವೂ ಮುರಿದೆವು.