ಹಕ್ಕಿ ಕಾಯಲು ಕೂತ ಆ ಒಂದು ವಾರ

ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಗಾಳಿ, ದೆವ್ವ, ಕಾಣದ ದನಿ ಎಂದು ಶುರು ಮಾಡಿದರೆ ನಕ್ಕು ಎದ್ದು ಹೋಗುತ್ತಿದ್ದೆ. ನಾಲ್ಕು ದಿನ ಒಬ್ಬರೇ ಎಲ್ಲೋ ಹೋಗಿ ಸುಮ್ಮನೆ ಕೂತು ಬರುತ್ತೇವೆ ಎನ್ನುವವರನ್ನು ಕಂಡರೂ ನನಗೆ ನಗುವೇ. ಸುಮ್ಮನೆ ಕೂರಲು ಮನೆಯ ಕಟ್ಟೆ ಸಾಲದೇ ಎಂದು ಕೇಳುತ್ತಿದ್ದೆ. ಈಗ ಎರಡರ ಬಗ್ಗೆಯೂ ಬಾಯಿ ಮುಚ್ಚಿಕೊಂಡಿದ್ದೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಅಣ್ಣಿಗೇರಿ ಹತ್ತಿರದ ಊರೊಂದರಲ್ಲಿ ನಾನು ಒಂದನೇ ತರಗತಿಯ ಶಿಕ್ಷಕಿ. ಇಪ್ಪತ್ತೆರಡು ವರ್ಷ ಕೂಗಿ ಕೂಗಿ, ಕೆಲವು ವರ್ಷಗಳ ಹಿಂದೆ ದನಿ ಬಿದ್ದುಹೋಯಿತು. ಗಂಟಲಲ್ಲಿ ಸಣ್ಣ ಗಂಟಾಗಿದೆ, ಮೂರು ವಾರ ಪಿಸುಮಾತೂ ಆಡಕೂಡದು, ಕರಗದಿದ್ದರೆ ಕೊಯ್ಯಬೇಕು, ಆಮೇಲೆ ದನಿ ಮೊದಲಿನಂತೆ ಇರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ದನಿಯಿಲ್ಲದವಳಿಗೆ ಆ ಮಕ್ಕಳ ಮುಂದೆ ಏನು ಕೆಲಸ? ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಅದೂ ಸದ್ದಿಲ್ಲದೆ.

"ಹೆಂಗೂ ರಜಾ ಸಿಕ್ಕೈತಿ, ಸಮುದ್ರ ನೋಡಿ ಬರೂಣು ನಡಿ" ಎಂದರು ಯಜಮಾನರು. ಮಕ್ಕಳೂ ಕುಣಿದರು. ಪ್ರವಾಸವೆಂದರೆ ಮನೆಯನ್ನೇ ಗಂಟುಕಟ್ಟಿ ಒಯ್ದು ಬೇರೆ ಊರಲ್ಲಿ ಬಿಚ್ಚುವುದು ಎಂದು ನನಗೆ ಅಲ್ಲಿ ತಿಳಿಯಿತು. ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ, ಊಟಕ್ಕೆ ಎಲ್ಲಿ, ಎಲ್ಲದಕ್ಕೂ ನನ್ನನ್ನೇ ಕೇಳುವುದು. ಬರೆದು ತೋರಿಸುವ ತಾಳ್ಮೆ ನನಗೂ ಇಲ್ಲ. ಒಬ್ಬ ಆಟೋದವನ ಜೊತೆ ಜಗಳವನ್ನೂ ಆಡಿದೆ. ಅವರ ತಪ್ಪೆನ್ನಲಾರೆ, ಫೋಟೊಗಳಲ್ಲಿ ಎಲ್ಲರೂ ನಗುತ್ತಿದ್ದೇವೆ. ಆದರೆ ತಿರುಗಿ ಬರುವಾಗ ಉಳಿದಿದ್ದ ಕರಕರ ದನಿಯೂ ಹೋಗಿತ್ತು.

ಆಗ ನಮ್ಮ ಶಾಲೆಯ ಶಾಹಿದಾ ಟೀಚರ್ ನನ್ನನ್ನು ಸಂಶಿ ಹತ್ತಿರದ ತನ್ನ ಚಿಕ್ಕಮ್ಮನ ಹೊಲದ ಮನೆಗೆ ಕರೆದೊಯ್ದು ಬಿಟ್ಟಳು. ನನ್ನ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು. ಜೋಳದ ತೆನೆ ಹಾಲುಗಾಳಾಗಿ, ಎಳೆ ಕಾಳಿಗೆ ಹಕ್ಕಿ ಮುತ್ತುವ ಹೊತ್ತು ಅದು. ಚಿಕ್ಕಮ್ಮ ಖತೀಜಾ ಖಾಲಾ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಕ್ಕಿ ಕಾಯಾಕ ಒಬ್ರನ್ನ ಕಳಸವಾ ಅಂದ್ರ, ದನಿ ಇಲ್ಲದ ಅಕ್ಕೋರನ್ನ ಕಳಿಸ್ಯಾಳ ನೋಡ್ರಿ!"

ಬಡಿಯಲು ಒಂದು ತಗಡಿನ ಡಬ್ಬಿ, ಒಂದು ಕೋಲು ಕೊಟ್ಟು ಹೊಲದ ನಡುವಿನ ಅಟ್ಟದ ಮೇಲೆ ಕೂರಿಸಿದರು. ನನ್ನ ತುಟಿ ಅಲ್ಲಾಡುವುದನ್ನು ಕಂಡು ಉಪಾಯವನ್ನೂ ಹೇಳಿದರು. "ಬಾಯಾಗ ಒಂದು ಗುಟುಕು ನೀರು ಹಿಡಕೊಂಡು ಕುಂದರ್ರಿ. ಮಾತು ತಾನ ನಿಂದರತೈತಿ."

ಮೊದಲೆರಡು ದಿನ ತಲೆಯ ತುಂಬ ಮನೆಯೇ. ಗ್ಯಾಸ್ ಮುಗಿಯಿತೇನೋ, ಹಾಲಿನವನು ಬಂದನೋ ಇಲ್ಲವೋ. ಮೂರನೆಯ ದಿನ ಅದೆಲ್ಲ ತಾನಾಗಿ ಕಳಚಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಸಂಜೆ ಕೆಂಡದಲ್ಲಿ ಸುಟ್ಟ ಎಳೆ ಜೋಳದ ಸೀತನಿ. ಮದುವೆಯಾದ ಮೇಲೆ ಯಾರೋ ಮಾಡಿ ಬಡಿಸಿದ್ದನ್ನು ಅಷ್ಟು ನಿಶ್ಚಿಂತೆಯಾಗಿ ಉಂಡದ್ದು ಅದೇ ಮೊದಲು.

ಐದನೆಯ ದಿನ ಮಧ್ಯಾಹ್ನ ಖಾಲಾ ದೂರದ ಬದುವಿನಲ್ಲಿ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದರು. ಗಿಳಿಗಳ ದೊಡ್ಡ ಹಿಂಡೊಂದು ಬಂದು ತೆನೆಗಳ ಮೇಲೆ ಎರಗಿತು. ಗಡಬಡಿಸಿ ಕೈಹಾಕಿದರೆ ಡಬ್ಬಿ ಜಾರಿ ಕೆಳಗೆ ಬಿತ್ತು. ಅನ್ನ ಹಾಕಿದವರ ಬೆಳೆ ಕಣ್ಣೆದುರೇ ಹೋಗುತ್ತಿದೆ. ಕೂಗು ಗಂಟಲವರೆಗೆ ಬಂತು. ಬಾಯಲ್ಲಿದ್ದ ನೀರನ್ನು ಗಟ್ಟಿಯಾಗಿ ಹಿಡಿದು ತುಟಿ ಬಿಗಿದುಕೊಂಡೆ.

ಆಗ ಕೇಳಿಸಿತು. "ಹೋ... ಹೋಯ್... ಹೋ!"

ಅದು ನನ್ನ ದನಿ. ಗಂಟಲು ಕೆಡುವ ಮೊದಲು ಮೈದಾನದ ಆ ತುದಿಯ ಮಕ್ಕಳನ್ನು ಕರೆಯುತ್ತಿದ್ದ ನನ್ನದೇ ತುಂಬು ದನಿ. ಪಕ್ಕದ ಕಡಲೆ ಹೊಲದ ಕಡೆಯಿಂದ ಬಂತು. ಗಿಳಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ನನ್ನ ಬಾಯಲ್ಲಿ ನೀರು ಹಾಗೇ ಇತ್ತು.

ಖಾಲಾ ಓಡುತ್ತ ಬಂದರು. "ಅಕ್ಕೋರ, ಡಾಕ್ಟರು ಬ್ಯಾಡ ಅಂದಾರಲ್ರಿ! ನಾಕು ತೆನಿ ತಿಂದ್ರ ತಿನ್ಲಿ, ಯಾಕ ಒದರಿದ್ರಿ?"

ನಾನು ಬಗ್ಗಿ ಅವರ ಮುಂದೆಯೇ ನೀರು ಉಗುಳಿದೆ. ಅವರು ಆ ಒದ್ದೆ ನೆಲ ನೋಡಿದರು, ನನ್ನ ಮುಖ ನೋಡಿದರು, ಕಡಲೆ ಹೊಲ ನೋಡಿದರು. ಮೊಣಕಾಲೆತ್ತರದ ಬೆಳೆ, ಅಡಗಿ ಕೂರಲು ಅಲ್ಲಿ ಜಾಗವಿಲ್ಲ. ಪ್ರತಿಧ್ವನಿ ಎನ್ನಲು ಆ ಎರೆಭೂಮಿಯಲ್ಲಿ ಒಂದು ದಿಬ್ಬವೂ ಇಲ್ಲ, ಅಷ್ಟಕ್ಕೂ ನಾನು ಕೂಗಿಯೇ ಇರಲಿಲ್ಲ. ನನಗೆ ಭ್ರಮೆಯೆಂದರೆ ಅವರಿಗೂ ಹೇಗೆ ಕೇಳಿಸಿತು? ಖಾಲಾ ಬಿದ್ದಿದ್ದ ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟರು. ಅಂದು ರಾತ್ರಿ ನನ್ನ ರೊಟ್ಟಿಗೆ ಮಾತ್ರ ಬೆಣ್ಣೆ ಹೆಚ್ಚು ಬಿತ್ತು.

ಊರಿಗೆ ಮರಳಿ ತೋರಿಸಿದಾಗ, ಗಂಟು ಕರಗಿದೆ, ಕೊಯ್ಯುವುದು ಬೇಡ, ಇನ್ನು ಮಾತಾಡಬಹುದು ಎಂದರು ಡಾಕ್ಟರು. ಮೊದಲ ಫೋನು ಖಾಲಾ ಅವರಿಗೆ ಮಾಡಿದೆ. ಅಲ್ಲಿಯವರೆಗೆ ಅವರು ನನ್ನ ಒಂದು ಮಾತನ್ನೂ ಕೇಳಿದವರಲ್ಲ.

"ಖಾಲಾ, ನಾನ್ರಿ. ನಿಮ್ಮ ಉಪಕಾರ ಮರಿಯೂದಿಲ್ರಿ" ಎಂದೆ.

ಖಾಲಾ ನನ್ನಿಂದ ಅದನ್ನೇ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಮೆಲ್ಲಗೆ ಅಂದರು. "ಇದ ದನಿ ರೀ ಅಕ್ಕೋರ. ಅವತ್ತ ಹೊಲದಾಗ ನಾ ಕೇಳಿದ್ದು ಇದ ದನಿ."

ಮಕ್ಕಳ ಜೊತೆ ಪ್ರವಾಸಕ್ಕೆ ಈಗಲೂ ಖುಷಿಯಿಂದಲೇ ಹೋಗುತ್ತೇನೆ. ಅದು ಬೇರೆ. ಜೋಳ ಹಾಲುಗಾಳಾದಾಗ ಮಾತ್ರ ಒಬ್ಬಳೇ ಹೋಗಿ ಬಾಯಲ್ಲಿ ನೀರಿಟ್ಟುಕೊಂಡು ಅಟ್ಟದ ಮೇಲೆ ಕೂರುತ್ತೇನೆ. ಆ ದನಿ ಮತ್ತೆ ಕೇಳಿಸಿಲ್ಲ. ನನ್ನ ದನಿಯಲ್ಲಿ ಅಂದು ಕೂಗಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಡುವ ದಿನ ಬಾಯಿಂದ ನೀರು ಉಗುಳಿ, ಕಡಲೆ ಹೊಲದ ಕಡೆ ತಿರುಗಿ, ಅಂದು ಕೇಳಿಸಿದಷ್ಟೇ ಗಟ್ಟಿಯಾಗಿ, ಓಗೊಡುವಂತೆ ಒಮ್ಮೆ ಕೂಗಿ ಬರುತ್ತೇನೆ.